ರೋಗಭಾರದ ಗಣನೆಯೂ ತುಮಕೂರು ಜಿಲ್ಲೆಯ ಸಾಕ್ಷ್ಯವೂ: ಒಂದು ವಿಮರ್ಶೆ

1

ಚರಿತ್ರೆಯ ಪಠ್ಯಪುಸ್ತಕಗಳಲ್ಲಿ ರೋಗಕ್ಕೆ ದೊರೆತಿರುವ ಸ್ಥಾನ ಅಲ್ಪವಾದುದು. ಅರಸರ ಪಟ್ಟಾಭಿಷೇಕ, ದಂಡಯಾತ್ರೆ, ಕೌಲು ಕರಾರುಗಳ ನಡುವೆ ಯಾವುದೋ ಒಂದು ವರ್ಷ ಬರ ಬಂದಿತೆಂದೂ ಮತ್ತೊಂದು ವರ್ಷ ಪ್ಲೇಗು ಹರಡಿತೆಂದೂ ಒಂದೆರಡು ವಾಕ್ಯಗಳಿರುವುದುಂಟು; ಅಷ್ಟೆ. ಆದರೆ ಜನಸಾಮಾನ್ಯರ ಬಾಳನ್ನು ಬುಡಮೇಲು ಮಾಡಿದ ಶಕ್ತಿಗಳಲ್ಲಿ ಕತ್ತಿಗಿಂತ ಹಸಿವೂ ಜ್ವರವೂ ಮೇಲಾದುವೆಂಬುದಕ್ಕೆ ನಮ್ಮ ನಾಡಿನ ಜನಗಣತಿಯೇ ಸಾಕ್ಷಿ. 1871ರ ಗಣತಿಯಲ್ಲಿ 50,55,412 ಇದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿಯಿತು. ನಡುವೆ ಬಂದುದು 1876-78ರ ಮಹಾಕ್ಷಾಮ, ಅದರ ಬೆನ್ನ ಹಿಂದೆಯೇ ಬಂದ ಕಾಲರಾ, ಅತಿಸಾರ, ಜ್ವರಗಳು. ಹತ್ತು ವರ್ಷಗಳಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚಿನ ಇಳಿತವನ್ನು ಯಾವ ಯುದ್ಧವೂ ಈ ಸೀಮೆಯಲ್ಲಿ ಉಂಟುಮಾಡಿದುದಿಲ್ಲ.

ಇಂಥ ವಿಷಯವನ್ನು ಇಂದು ಜಗತ್ತಿನಾದ್ಯಂತ ಅಂಕಿಗಳ ಮೂಲಕ ಅಭ್ಯಸಿಸುವ ಒಂದು ದೊಡ್ಡ ಪ್ರಯತ್ನ ನಡೆದಿದೆ. ‘ಜಾಗತಿಕ ರೋಗಭಾರ’ವೆಂಬ ಹೆಸರಿನ ಈ ಅಧ್ಯಯನದ ಫಲಿತಾಂಶಗಳು ಪತ್ರಿಕೆಗಳಲ್ಲಿ, ಸರ್ಕಾರಿ ವರದಿಗಳಲ್ಲಿ, ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿಯೂ ಪ್ರಮಾಣವಾಕ್ಯಗಳಂತೆ ಉದ್ಧೃತವಾಗುತ್ತಿವೆ. ಪ್ರಮಾಣವೆಂದು ಸ್ವೀಕರಿಸುವ ಮುನ್ನ ಪರೀಕ್ಷಿಸುವುದು ಚರಿತ್ರಕಾರನ ಕರ್ತವ್ಯ. ಶಾಸನವಾಗಲಿ ಕಡತವಾಗಲಿ ಕೈಗೆ ಬಂದಾಗ ಇದನ್ನು ಬರೆಯಿಸಿದವರು ಯಾರು, ಯಾವ ಉದ್ದೇಶದಿಂದ, ಇದರಲ್ಲಿ ಹೇಳಿರುವುದೇನು, ಹೇಳದೆ ಬಿಟ್ಟಿರುವುದೇನು ಎಂದು ಕೇಳುತ್ತೇವೆ. ಅದೇ ಪ್ರಶ್ನೆಗಳನ್ನು ಈ ಅಂಕಿಗಳಿಗೂ ಹಾಕಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಪರೀಕ್ಷೆಯ ಒರೆಗಲ್ಲಿಗಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ತುಮಕೂರು ಜಿಲ್ಲೆಯಲ್ಲಿಯೂ, ಕುಣಿಗಲ್ಲಿಗೆ ನೆರೆಯಾದ ಮಾಗಡಿಯ ಕಡೆಯಲ್ಲಿಯೂ 1960ರ ದಶಕದಲ್ಲಿ ನಡೆದ ಕ್ಷಯರೋಗದ ಸಮೀಕ್ಷೆಗಳು ಇದಕ್ಕೆ ಸಾಕಾದ ಸಾಮಗ್ರಿಯನ್ನು ಒದಗಿಸುತ್ತವೆ.

2

ಮೊದಲು ಗಣನೆಯ ಕ್ರಮವನ್ನು ತಿಳಿಯೋಣ. ಒಂದು ದೇಶದ ಆರೋಗ್ಯವನ್ನು ಮರಣಗಳ ಸಂಖ್ಯೆಯಿಂದಲೇ ಅಳೆಯುವುದು ಹಿಂದಿನ ಪದ್ಧತಿ. ಇದರಲ್ಲಿ ಎರಡು ದೋಷಗಳು ಸ್ಪಷ್ಟವಾಗಿಯೇ ಇದ್ದುವು. ಎಂಬತ್ತರ ವೃದ್ಧನ ಸಾವೂ ಐದು ವರ್ಷದ ಕೂಸಿನ ಸಾವೂ ಒಂದೊಂದೇ ಎಂದು ಎಣಿಕೆಯಾಗುತ್ತಿದ್ದುದು ಮೊದಲನೆಯದು. ಕೊಲ್ಲದೆ ಕಾಡುವ ರೋಗಗಳು, ಎಂದರೆ ಕುರುಡು, ಕೀಲುನೋವು, ಮನೋವ್ಯಾಧಿ ಮೊದಲಾದುವು, ಲೆಕ್ಕಕ್ಕೇ ಬಾರದಿದ್ದುದು ಎರಡನೆಯದು. ಕ್ರಿಸ್ಟೋಫರ್ ಮರ್ರೆ ಮತ್ತು ಅಲನ್ ಲೋಪೆಜ್ ಎಂಬ ವಿದ್ವಾಂಸರು ಈ ಎರಡು ದೋಷಗಳನ್ನೂ ಪರಿಹರಿಸಲು ಒಂದು ಮಾನವನ್ನು ರೂಪಿಸಿದರು. ಅಕಾಲಮರಣದಿಂದ ನಷ್ಟವಾದ ವರ್ಷಗಳು, ರೋಗಪೀಡಿತನಾಗಿ ಕಳೆದ ವರ್ಷಗಳು, ಇವೆರಡನ್ನೂ ಕೂಡಿಸಿದಾಗ ಬರುವ ಮೊತ್ತವೇ ಆ ಮಾನ. ಇಂಗ್ಲಿಷಿನ ಮೊದಲ ಅಕ್ಷರಗಳಿಂದ ಅದನ್ನು ‘ಡ್ಯಾಲಿ’ ಎಂದು ಕರೆಯುವುದು ರೂಢಿ. ಒಂದು ಡ್ಯಾಲಿ ಎಂದರೆ ಆರೋಗ್ಯದಿಂದ ಬಾಳಬಹುದಾಗಿದ್ದ ಒಂದು ವರ್ಷದ ನಷ್ಟ. ವಿಶ್ವ ಬ್ಯಾಂಕು 1993ರಲ್ಲಿ ಪ್ರಕಟಿಸಿದ ಅಭಿವೃದ್ಧಿ ವರದಿಯಲ್ಲಿ ಈ ಮಾನವು ಲೋಕಪ್ರಸಿದ್ಧಿಗೆ ಬಂದಿತು. 1990ನ್ನು ಆಧಾರವರ್ಷವಾಗಿರಿಸಿಕೊಂಡ ವಿಸ್ತಾರವಾದ ಸಂಪುಟ 1996ರಲ್ಲಿ ಹೊರಬಿದ್ದಿತು. 2007ರಲ್ಲಿ ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆ ಸ್ಥಾಪಿತವಾಯಿತು. 2024ರಲ್ಲಿ ಪ್ರಕಟವಾದ ಗಣನೆ 204 ದೇಶ ಹಾಗೂ ಪ್ರಾಂತಗಳನ್ನೂ 371 ರೋಗ ಹಾಗೂ ಗಾಯಗಳನ್ನೂ ಒಳಗೊಂಡಿದೆ.

ಯಾವ ರೋಗ ಎಷ್ಟು ಪೀಡೆ ಎಂಬುದನ್ನು ಸೊನ್ನೆಗೂ ಒಂದಕ್ಕೂ ನಡುವಣ ಒಂದು ಅಂಕದಿಂದ ಸೂಚಿಸುತ್ತಾರೆ. ಪೂರ್ಣಾರೋಗ್ಯ ಸೊನ್ನೆ, ಮರಣ ಒಂದು. ಕ್ಷಯರೋಗಕ್ಕೆ 2013ರ ಗಣನೆಯಲ್ಲಿ ಕೊಟ್ಟ ತೂಕ 0.333. ಎಂದರೆ ಕ್ಷಯದಿಂದ ನರಳುತ್ತ ಮೂರು ವರ್ಷ ಬದುಕಿದವನು ಒಂದು ವರ್ಷವನ್ನು ಕಳೆದುಕೊಂಡಂತೆ ಎಣಿಕೆ.

ಈ ಮಾನದ ಹಿಂದೆ ಒಂದು ಉದಾತ್ತವಾದ ತತ್ತ್ವವುಂಟೆಂಬುದನ್ನು ವಿಮರ್ಶಕರು ಮರೆಯಬಾರದು. ಬಡವ ಬಲ್ಲಿದ, ಕರಿಯ ಬಿಳಿಯ, ಅಕ್ಷರಸ್ಥ ನಿರಕ್ಷರಿ ಎಂಬ ಭೇದವನ್ನು ಅದು ಎಣಿಸುವುದಿಲ್ಲ. ಆಯುಸ್ಸಿನ ಗರಿಷ್ಠ ಪ್ರಮಾಣವನ್ನು ಎಲ್ಲ ದೇಶಗಳಿಗೂ ಒಂದೇ ಎಂದು ಇಟ್ಟುಕೊಂಡುದು, ಮೊದಲ ಗಣನೆಯಲ್ಲಿ ಹೆಂಗಸರಿಗೆ 82.5, ಗಂಡಸರಿಗೆ 80 ವರ್ಷ, ಈ ಸಮದೃಷ್ಟಿಯ ಫಲವೇ. ಜಪಾನಿನ ಹೆಂಗಸಿಗೆ ದೊರೆಯುವ ಆಯುಸ್ಸಿಗೆ ನಮ್ಮ ನಾಡಿನ ಹೆಂಗಸೂ ಅರ್ಹಳೆಂಬುದನ್ನು ಒಂದು ಗಣಿತಸೂತ್ರವು ಒಪ್ಪಿಕೊಂಡಿತೆಂಬುದು ಸಣ್ಣ ಮಾತಲ್ಲ.

ಆದರೂ ಮೊದಲ ಸೂತ್ರದಲ್ಲಿ ಪಕ್ಷಪಾತಗಳು ನುಸುಳಿದ್ದುವು. ಇಪ್ಪತ್ತೈದು ವರ್ಷದ ಆಸುಪಾಸಿನ ಬಾಳಿಗೆ ಹೆಚ್ಚು ಬೆಲೆ, ಕೂಸಿಗೂ ವೃದ್ಧರಿಗೂ ಕಡಿಮೆ ಬೆಲೆ ಎಂದು ಅದು ಎಣಿಸಿತು. ಮುಂದೆ ಬರಲಿರುವ ವರ್ಷಗಳಿಗೆ ವರ್ಷವೊಂದಕ್ಕೆ ಶೇಕಡ 3ರಂತೆ ಬಡ್ಡಿಯ ಲೆಕ್ಕದಲ್ಲಿ ಸೋಡಿ ಮುರಿಯಿತು. 1997ರಲ್ಲಿ ಸುಧೀರ್ ಆನಂದ್ ಮತ್ತು ಕಾರಾ ಹ್ಯಾನ್ಸನ್ ಈ ಎರಡನ್ನೂ ಖಂಡಿಸಿ ಬರೆದ ವಿಮರ್ಶೆ ಪ್ರಸಿದ್ಧವಾಗಿದೆ. ರೋಗಿಯ ಸುತ್ತಣ ಸ್ಥಿತಿಗತಿಗಳನ್ನು ಲೆಕ್ಕಕ್ಕೆ ತಾರದೆ ‘ಭಾರ’ ಎಂಬ ಪದವನ್ನು ಬಳಸುವುದು ಸಲ್ಲದೆಂಬುದು ಅವರ ಮತ್ತೊಂದು ಆಕ್ಷೇಪ. 2012ರಲ್ಲಿ ಪ್ರಕಟವಾದ ಗಣನೆಯಲ್ಲಿ ವಯಸ್ಸಿನ ತೂಕವನ್ನೂ ಬಡ್ಡಿಯ ಸೋಡಿಯನ್ನೂ ಕೈಬಿಟ್ಟರು. ಇದರಿಂದ ಎರಡು ಪಾಠಗಳನ್ನು ಕಲಿಯಬಹುದು. ಅಂಕಿಗಳ ಒಳಗೆ ನೀತಿಯ ನಿರ್ಣಯಗಳು ಅಡಗಿರುತ್ತವೆಂಬುದು ಒಂದು. ವಿಮರ್ಶೆಯಿಂದ ಅವು ತಿದ್ದಿಕೊಳ್ಳಬಲ್ಲುವೆಂಬುದು ಇನ್ನೊಂದು. ಆದರೆ ಮೂರನೆಯ ಆಕ್ಷೇಪಕ್ಕೆ ಈ ತಿದ್ದುಪಡಿ ಉತ್ತರವಾಗಲಿಲ್ಲ. ಅದನ್ನು ಮುಂದೆ ವಿಚಾರಿಸೋಣ.

3

ಆಕರಗಳ ಪ್ರಶ್ನೆ ಅದಕ್ಕಿಂತ ಮೊದಲು ಬರುತ್ತದೆ. ಸತ್ತವರೆಷ್ಟು, ಯಾತರಿಂದ ಸತ್ತರು ಎಂಬುದನ್ನು ಬರೆದಿಟ್ಟವರು ಯಾರು? ಹಿಂದಿನ ಕಾಲದಲ್ಲಿ ಹಳ್ಳಿಯ ಜನನ ಮರಣಗಳ ಲೆಕ್ಕ ಪಟೇಲ ಶಾನುಭೋಗರ ಕೈಯಲ್ಲಿತ್ತು. ಕಾಲರಾ, ಸಿಡುಬು, ಪ್ಲೇಗು, ಜ್ವರ, ಅತಿಸಾರ, ಇತರ ಎಂಬ ಕೆಲವೇ ಕಲಮುಗಳಿದ್ದುವು. ಸಿಡುಬನ್ನೂ ಕಾಲರಾವನ್ನೂ ಯಾರು ಬೇಕಾದರೂ ಗುರುತಿಸಬಲ್ಲರು. ಉಳಿದುವುಗಳಲ್ಲಿ ಹೆಚ್ಚಿನವು ‘ಜ್ವರ’ದ ಕಲಮನ್ನು ಸೇರುತ್ತಿದ್ದುವು. ಮಲೇರಿಯ, ಕ್ಷಯ, ವಿಷಮಶೀತಜ್ವರ, ಬಾಣಂತಿಯ ನಂಜು ಎಲ್ಲವೂ ಒಂದೇ ಗೂಡಿನಲ್ಲಿ. ಆದುದರಿಂದ ಹಳೆಯ ವರದಿಗಳಲ್ಲಿ ‘ಜ್ವರ’ವೆಂದು ಓದಿದಾಗ ಅದನ್ನು ಒಂದು ರೋಗದ ಹೆಸರೆಂದು ತಿಳಿಯದೆ, ಬರೆದವನಿಗೆ ತಿಳಿಯದುದರ ಹೆಸರೆಂದು ತಿಳಿಯತಕ್ಕದ್ದು.

ಈ ಸ್ಥಿತಿ ಪೂರ್ತಿಯಾಗಿ ಕಳೆದುಹೋಗಿಲ್ಲವೆಂಬುದು ಗಮನಾರ್ಹ. ಜನನ ಮರಣಗಳ ನೋಂದಣಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದ ಕಾನೂನು 1969ರಲ್ಲಿಯೇ ಬಂದಿದ್ದರೂ, 2020ರಲ್ಲಿ ನೋಂದಣಿಯಾದ ಮರಣಗಳ ಪೈಕಿ ವೈದ್ಯರು ಕಾರಣವನ್ನು ದೃಢಪಡಿಸಿದುವು ಐದರಲ್ಲಿ ಒಂದಕ್ಕಿಂತ ತುಸು ಹೆಚ್ಚು, ಅಷ್ಟೆ. ಉಳಿದ ಅಂತರವನ್ನು ಅಂದಾಜಿನಿಂದ ತುಂಬಬೇಕಾಗುತ್ತದೆ. ಅಂದಾಜು ಎಷ್ಟರಮಟ್ಟಿಗೆ ಭಿನ್ನವಾಗಬಹುದೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. ಭಾರತದಲ್ಲಿ ಮಲೇರಿಯದಿಂದ ವರ್ಷಕ್ಕೆ ಸುಮಾರು 15,000 ಮಂದಿ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಎಣಿಸುತ್ತಿದ್ದಾಗ, ಸತ್ತವರ ಮನೆಮನೆಗೂ ಹೋಗಿ ಬಂಧುಗಳನ್ನು ವಿಚಾರಿಸಿ ಕಾರಣವನ್ನು ನಿರ್ಣಯಿಸಿದ ಅಧ್ಯಯನವೊಂದು, ಎಪ್ಪತ್ತು ವರ್ಷದೊಳಗಿನವರಲ್ಲಿಯೇ ಅಂಥ ಮರಣಗಳು ಸುಮಾರು 2,05,000 ಎಂದು 2010ರಲ್ಲಿ ಸಾರಿತು. ಈ ಸಂಖ್ಯೆಯನ್ನು ಹಲವರು ಒಪ್ಪಲಿಲ್ಲ, ವಾದ ಬೆಳೆಯಿತು. ಅದೇ ಕ್ರಮದಿಂದ ಹಾವು ಕಚ್ಚಿ ಸತ್ತವರನ್ನು ಎಣಿಸಿದಾಗ 2005ರ ಒಂದು ವರ್ಷಕ್ಕೆ ಸುಮಾರು 45,900 ಎಂಬ ಸಂಖ್ಯೆ ಬಂದಿತು. ಸರ್ಕಾರಿ ಆಸ್ಪತ್ರೆಗಳ ಲೆಕ್ಕದಲ್ಲಿ ಇದು ಕೆಲವೇ ಸಾವಿರ. ಹೊಲದಲ್ಲಿ ಕಚ್ಚಿಸಿಕೊಂಡು ದಾರಿಯಲ್ಲಿಯೋ ಮನೆಯಲ್ಲಿಯೋ ಸತ್ತವನ ಹೆಸರು ಆಸ್ಪತ್ರೆಯ ದಫ್ತರಿಗೆ ಬರುವುದಾದರೂ ಹೇಗೆ? ರಾಗಿಯ ಕಟಾವಿನ ಕಾಲವನ್ನು ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಾವುಕಡಿತವನ್ನು ಉಪೇಕ್ಷಿತ ರೋಗಗಳ ಪಟ್ಟಿಗೆ ಸೇರಿಸಿದುದು 2017ರಲ್ಲಿ. ಕರ್ನಾಟಕ ಸರ್ಕಾರ ಅದನ್ನು ಕಡ್ಡಾಯವಾಗಿ ವರದಿಮಾಡತಕ್ಕ ವಿಷಯವೆಂದು ಘೋಷಿಸಿದುದು 2024ರಲ್ಲಿ.

ಇಲ್ಲಿ ಒಂದು ಸಾಮಾನ್ಯ ನಿಯಮ ಕಾಣುತ್ತದೆ. ಎಲ್ಲಿ ರೋಗ ಹೆಚ್ಚೋ ಅಲ್ಲಿ ಬರಹ ಕಡಿಮೆ. ಎಲ್ಲಿ ಬರಹ ಕಡಿಮೆಯೋ ಅಲ್ಲಿ ಅಂದಾಜಿಗೆ ಅವಕಾಶ ಹೆಚ್ಚು. ಹೀಗಾಗಿ ಆರೋಗ್ಯದ ಅಸಮಾನತೆ ತನ್ನ ಸಾಕ್ಷ್ಯವನ್ನು ತಾನೇ ಅಳಿಸಿಕೊಳ್ಳುತ್ತ ನಡೆಯುತ್ತದೆ.

4

2017ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಮೊದಲಾದ ಸಂಸ್ಥೆಗಳು ಸೇರಿ, ನಮ್ಮ ದೇಶದ ರೋಗಭಾರವನ್ನು ರಾಜ್ಯವಾರಾಗಿ ಗಣಿಸಿದ ವರದಿಯನ್ನು ಪ್ರಕಟಿಸಿದುವು. ಅಂಟುರೋಗ, ಹೆರಿಗೆ, ಶಿಶುಸಂಬಂಧ ಹಾಗೂ ಪೋಷಣೆಯ ಕೊರತೆಯಿಂದಾದ ಭಾರ 1990ರಲ್ಲಿ ಒಟ್ಟು ಭಾರದ ಶೇಕಡ 61 ಇದ್ದುದು 2016ರಲ್ಲಿ ಶೇಕಡ 33ಕ್ಕೆ ಇಳಿಯಿತೆಂದೂ, ಹೃದ್ರೋಗ, ಮಧುಮೇಹ ಮೊದಲಾದ ಅಂಟದ ರೋಗಗಳ ಪಾಲು 30ರಿಂದ 55ಕ್ಕೆ ಏರಿತೆಂದೂ ಅದು ತೋರಿಸಿತು. ಹೆಂಗಸರ ಆಯುರ್ನಿರೀಕ್ಷೆ 59.7 ವರ್ಷದಿಂದ 70.3ಕ್ಕೂ, ಗಂಡಸರದು 58.3ರಿಂದ 66.9ಕ್ಕೂ ಹೆಚ್ಚಿತು. ರಾಜ್ಯರಾಜ್ಯಗಳ ನಡುವೆ ತಲಾ ರೋಗಭಾರದಲ್ಲಿ ಸುಮಾರು ಇಮ್ಮಡಿಯ ಅಂತರವಿದೆ; ಅಸ್ಸಾಂ, ಉತ್ತರ ಪ್ರದೇಶ, ಛತ್ತೀಸಗಢಗಳು ಒಂದು ಕೊನೆ, ಕೇರಳ ಗೋವೆಗಳು ಇನ್ನೊಂದು ಕೊನೆ. ಇವು ಬೆಲೆಯುಳ್ಳ ಫಲಿತಾಂಶಗಳು. ನಾಡಿನ ಮಂದಿ ತಿಳಿದಿರಬೇಕಾದುವು.

ಆದರೆ ರಾಜ್ಯವೆಂಬುದು ದೊಡ್ಡ ಪಾತ್ರೆ. ತುಮಕೂರು ಜಿಲ್ಲೆಯೊಂದನ್ನೇ ತೆಗೆದುಕೊಳ್ಳೋಣ. ದಕ್ಷಿಣದ ಕುಣಿಗಲ್ ತಾಲ್ಲೂಕಿನಲ್ಲಿ ದೊಡ್ಡಕೆರೆಯೂ ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯವೂ ಇವೆ. ಬೆಂಗಳೂರು-ಹಾಸನಗಳ ಹೆದ್ದಾರಿ ಊರನ್ನು ಹಾಯುತ್ತದೆ. ಉತ್ತರದ ಪಾವಗಡದಲ್ಲಿ ಮಳೆ ಕಡಿಮೆ, ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಹಲ್ಲು ಕಂದುವುದು, ಮೂಳೆ ಬಾಗುವುದು ಅಲ್ಲಿಯ ಹಳ್ಳಿಗಳ ಹಳೆಯ ಸಂಕಟ. ಇದು ಮನುಷ್ಯನನ್ನು ಕೊಲ್ಲುವ ರೋಗವಲ್ಲ, ಬಗ್ಗಿಸುವ ರೋಗ. ಇಡೀ ರಾಜ್ಯದ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಒಂದೇ ಜಿಲ್ಲೆಯ ಎರಡು ತುದಿಗಳ ನಡುವಣ ಈ ಅಂತರವನ್ನು ಕಾಣಲಾರದ ಗಣನೆಯಿಂದ ಅಸಮಾನತೆಯ ಬಗ್ಗೆ ಕೊನೆಯ ಮಾತನ್ನು ಅಪೇಕ್ಷಿಸುವುದು ತರವಲ್ಲ.

5

ಈಗ ನಮ್ಮ ಜಿಲ್ಲೆಯ ಸಾಕ್ಷ್ಯಕ್ಕೆ ಬರೋಣ. 1955-58ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ನಡೆಸಿದ ಸಮೀಕ್ಷೆ, ಕ್ಷಯವು ಪಟ್ಟಣದ ರೋಗವೆಂಬ ಬಹುಕಾಲದ ನಂಬಿಕೆಯನ್ನು ಅಲುಗಿಸಿತು. ಹಳ್ಳಿಗಳಲ್ಲಿಯೂ ಅದು ಪಟ್ಟಣಗಳಷ್ಟೇ ಹರಡಿದ್ದಿತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಮೊದಲ ದೊಡ್ಡ ಕಾರ್ಯಗಳಲ್ಲೊಂದು 1960-61ರಲ್ಲಿ ತುಮಕೂರು ಜಿಲ್ಲೆಯಲ್ಲಿ ನಡೆದ ಸಮೀಕ್ಷೆ. ಆಯ್ದ ಹಳ್ಳಿಗಳಲ್ಲಿಯೂ ಪಟ್ಟಣದ ಕೆಲವು ಭಾಗಗಳಲ್ಲಿಯೂ ಜನರಿಗೆ ಟ್ಯೂಬರ್ಕ್ಯುಲಿನ್ ಪರೀಕ್ಷೆ ಮಾಡಿ, ಎದೆಯ ಕ್ಷ-ಕಿರಣ ಚಿತ್ರ ತೆಗೆದು, ಸಂಶಯಬಂದವರ ಕಫವನ್ನು ಪರೀಕ್ಷಿಸಿದರು. ಸಾವಿರಕ್ಕೆ ಸುಮಾರು ನಾಲ್ಕು ಮಂದಿಯ ಕಫದಲ್ಲಿ ರೋಗಾಣು ಕಂಡಿತು. ರಾಜ್ ನಾರಾಯಣ್ ಮತ್ತು ಅವರ ಸಹೋದ್ಯೋಗಿಗಳು ಬರೆದ ಈ ವರದಿ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಇದು ಎಣಿಕೆಯ ಸಮೀಕ್ಷೆ. ಇಂದಿನ ರೋಗಭಾರದ ಗಣನೆಗೆ ಪೂರ್ವಜನೆನ್ನಬಹುದಾದುದು.

ಅದೇ ಪತ್ರಿಕೆಯ ಅದೇ ಸಂಪುಟದಲ್ಲಿ ಅದರ ಬೆನ್ನಿಗೇ ಇನ್ನೊಂದು ಲೇಖನವಿತ್ತು. ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅದರ ಕರ್ತೃಗಳು. ಸಮೀಕ್ಷೆಯ ವಾಹನಗಳು ಹೋದ ಕೆಲವು ವಾರಗಳಲ್ಲಿಯೇ ಅವರ ತಂಡ ಅದೇ ಹಳ್ಳಿಗಳಿಗೆ ಹೋಗಿ, ರೋಗವಿದೆಯೆಂದು ಕಂಡುಬಂದವರನ್ನು ಮಾತನಾಡಿಸಿತು. ನಿಮ್ಮ ಮೈಯಲ್ಲಿ ಏನಾದರೂ ತೊಂದರೆ ಇದೆಯೆ? ಅದರ ಬಗ್ಗೆ ಚಿಂತೆಯಾಗಿದೆಯೆ? ಏನು ಮಾಡಿದಿರಿ? ಇಂಥ ಸರಳವಾದ ಪ್ರಶ್ನೆಗಳು.

ಉತ್ತರ ಅಂದಿನ ತಜ್ಞರಲ್ಲಿ ಅನೇಕರು ನಿರೀಕ್ಷಿಸದಿದ್ದುದು. ಹಳ್ಳಿಯವನಿಗೆ ರೋಗದ ಅರಿವಿಲ್ಲ, ಅರಿವಿದ್ದರೂ ಲಕ್ಷ್ಯವಿಲ್ಲ, ಆದ್ದರಿಂದ ಯಂತ್ರಸಾಧನಗಳೊಡನೆ ಹಳ್ಳಿಹಳ್ಳಿಗೂ ಹೋಗಿ ರೋಗಿಗಳನ್ನು ಹುಡುಕಿ ಹೊರಗೆಳೆಯಬೇಕೆಂಬುದು ಪ್ರಚಲಿತವಾದ ಅಭಿಪ್ರಾಯ. ಆದರೆ ಕಫದಲ್ಲಿ ರೋಗಾಣುವಿದ್ದವರಲ್ಲಿ ಸುಮಾರು ಶೇಕಡ 95 ಮಂದಿಗೆ ತಮ್ಮ ಲಕ್ಷಣಗಳ ಅರಿವಿದ್ದಿತು. ಸುಮಾರು 72 ಮಂದಿ ಅದಕ್ಕಾಗಿ ಚಿಂತೆಪಟ್ಟಿದ್ದರು. ಅರ್ಧಕ್ಕಿಂತ ತುಸು ಹೆಚ್ಚು, ಸುಮಾರು 52 ಮಂದಿ, ಆಧುನಿಕ ವೈದ್ಯದ ಬಾಗಿಲಿಗೆ ಹೋಗಿಯೂ ಬಂದಿದ್ದರು. ಅಲ್ಲಿ ಅವರಿಗೆ ಆದುದೇನು? ಬಹುಮಂದಿಯ ಕಫವನ್ನು ಪರೀಕ್ಷಿಸಿದವರಿಲ್ಲ; ಕೆಮ್ಮಿನ ಔಷಧ ಕೊಟ್ಟು ಕಳುಹಿಸಿದ್ದರು.

ಈ ಎರಡು ಲೇಖನಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ನಮ್ಮ ವಿಮರ್ಶೆಯ ಮುಖ್ಯಾಂಶ ಸ್ಪಷ್ಟವಾಗುತ್ತದೆ. ಮೊದಲನೆಯದು ರೋಗ ಎಷ್ಟಿದೆಯೆಂದು ಹೇಳಿತು. ಎರಡನೆಯದು ಅದು ಏಕೆ ಉಳಿದಿದೆಯೆಂದು ಹೇಳಿತು. ಮೊದಲನೆಯದರಿಂದ ಮಾತ್ರ ಎರಡನೆಯದನ್ನು ಊಹಿಸಲು ಹೊರಟಿದ್ದರೆ ದೋಷವೆಲ್ಲ ರೋಗಿಯ ತಲೆಗೇ ಬರುತ್ತಿತ್ತು. ಜನ, ಹಳ್ಳಿ, ರೋಗಾಣು ಎಲ್ಲವೂ ಒಂದೇ ಆಗಿದ್ದು, ಕೇಳಿದ ಪ್ರಶ್ನೆ ಮಾತ್ರ ಬೇರೆ. ಅಷ್ಟರಿಂದಲೇ ದೋಷದ ಸ್ಥಾನ ಗುಡಿಸಲಿನಿಂದ ಆಸ್ಪತ್ರೆಗೆ ಬದಲಾಯಿತು. ಇದರ ಫಲ ಕಾಗದದಲ್ಲಿಯೇ ಉಳಿಯಲಿಲ್ಲ. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ, ಸಾಮಾನ್ಯ ಆಸ್ಪತ್ರೆಗಳಿಗೂ ಆರೋಗ್ಯ ಕೇಂದ್ರಗಳಿಗೂ ಕೆಮ್ಮೆಂದು ತಾವಾಗಿ ಬಂದವರ ಕಫವನ್ನು ಅಲ್ಲಿಯೇ ಪರೀಕ್ಷಿಸಿ ಔಷಧ ಕೊಡುವ ಕ್ರಮವನ್ನು ಹಿಡಿಯಿತು. ನಮ್ಮ ಜಿಲ್ಲೆಯ ಹಳ್ಳಿಗರ ಮಾತು ಒಂದು ದೇಶದ ಕಾರ್ಯನೀತಿಯನ್ನು ತಿದ್ದಿತೆಂದರೆ ಅತಿಶಯೋಕ್ತಿಯಾಗಲಾರದು. ಆ ಕಾರ್ಯಕ್ರಮ ಮುಂದೆ ಹಣ, ಔಷಧ, ಮೇಲ್ವಿಚಾರಣೆಗಳ ಕೊರತೆಯಿಂದ ಸೊರಗಿತೆಂಬುದೂ, 1992ರ ಪರಿಶೀಲನೆಯಲ್ಲಿ ಅದರ ವೈಫಲ್ಯ ಬಯಲಾಗಿ 1997ರಿಂದ ಪರಿಷ್ಕೃತ ಕಾರ್ಯಕ್ರಮ ಬಂದಿತೆಂಬುದೂ ಬೇರೆ ಕಥೆ. ಅರಿವಿನ ಕೊರತೆಯಲ್ಲ, ಅನುಷ್ಠಾನದ ಕೊರತೆ.

6

ಎರಡನೆಯ ಸಾಕ್ಷ್ಯ ಇನ್ನೂ ಕಠಿನವಾದುದು. ಅದೇ ಸಂಸ್ಥೆ 1961ರಿಂದ 1968ರವರೆಗೆ ಅಂದಿನ ಬೆಂಗಳೂರು ಜಿಲ್ಲೆಯ ದೇವನಹಳ್ಳಿ, ನೆಲಮಂಗಲ, ಮಾಗಡಿ ತಾಲ್ಲೂಕುಗಳ 119 ಹಳ್ಳಿಗಳಲ್ಲಿ ಮತ್ತೆಮತ್ತೆ ಸಮೀಕ್ಷೆ ನಡೆಸಿತು. ಆ ಪ್ರದೇಶದಲ್ಲಿ ವ್ಯವಸ್ಥಿತವಾದ ಕ್ಷಯಚಿಕಿತ್ಸೆಯ ಕಾರ್ಯಕ್ರಮ ಇಲ್ಲದಿದ್ದ ಕಾಲ ಅದು. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಕಂಡ 126 ಮಂದಿಯ ಗತಿ ಐದು ವರ್ಷಗಳಲ್ಲಿ ಏನಾಯಿತೆಂದು ನೋಡಿದಾಗ, ಶೇಕಡ 49 ಮಂದಿ ಸತ್ತಿದ್ದರು. ಶೇಕಡ 33 ಮಂದಿ ತಾವಾಗಿ ಗುಣಹೊಂದಿದ್ದರು. ಶೇಕಡ 18 ಮಂದಿ ಇನ್ನೂ ರೋಗಾಣುವನ್ನು ಹರಡುತ್ತ ಬದುಕಿದ್ದರು. 1974ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಜಗತ್ತಿನ ಕ್ಷಯರೋಗಶಾಸ್ತ್ರ ಇಂದಿಗೂ ಉದ್ಧರಿಸುತ್ತದೆ. ಚಿಕಿತ್ಸೆ ದೊರೆಯದ ಕ್ಷಯರೋಗಿಯ ಗತಿಯೇನೆಂಬುದಕ್ಕೆ ಇಂಥ ಸಾಕ್ಷ್ಯ ಲೋಕದಲ್ಲಿ ವಿರಳ.

ವಿರಳವೇಕೆ? ಈ ಪ್ರಶ್ನೆಯನ್ನು ಚರಿತ್ರಕಾರ ಕೇಳಲೇಬೇಕು. ಸ್ಟ್ರೆಪ್ಟೋಮೈಸಿನ್ ಕಂಡುಹಿಡಿದುದು 1943-44ರಲ್ಲಿ. ಐಸೋನಿಯಜಿಡ್ ಬಳಕೆಗೆ ಬಂದುದು 1952ರಲ್ಲಿ. ಕ್ಷಯರೋಗಿಗೆ ಮನೆಯಲ್ಲಿಯೇ ಔಷಧ ಕೊಟ್ಟು ಆಸ್ಪತ್ರೆಯಲ್ಲಿಟ್ಟಷ್ಟೇ ಚೆನ್ನಾಗಿ ಗುಣಪಡಿಸಬಹುದೆಂದು ಮದರಾಸಿನ ಪ್ರಯೋಗ ತೋರಿಸಿದುದು 1959ರಲ್ಲಿ. ಹೀಗಿರುವಾಗ 1961ರ ಬಳಿಕವೂ ಔಷಧವಿಲ್ಲದೆ ರೋಗದ ಸ್ವಾಭಾವಿಕ ಗತಿಯನ್ನು ನೋಡಲು ಸಾಧ್ಯವಾದ ಸ್ಥಳವೊಂದು ರಾಜಧಾನಿಯಿಂದ ಅರ್ಧ ದಿನದ ಪ್ರಯಾಣದೊಳಗೇ ಇದ್ದಿತು. ಸಮೀಕ್ಷಕರನ್ನು ಇಂದಿನ ಅಳತೆಗೋಲಿನಿಂದ ಅಳೆದು ನಿಂದಿಸುವುದು ನಮ್ಮ ಉದ್ದೇಶವಲ್ಲ. ಔಷಧದ ಕೊರತೆ ಅವರಿಂದಾದುದಲ್ಲ, ಅವರು ಕಂಡುಕೊಂಡ ವಿಷಯ ಮುಂದೆ ಅಸಂಖ್ಯ ಜನರಿಗೆ ಉಪಕಾರಿಯಾದುದು. ಆದರೆ ‘ಸ್ವಾಭಾವಿಕ ಗತಿ’ ಎಂಬ ಪದದಲ್ಲಿ ಸ್ವಭಾವದ ಪಾಲೆಷ್ಟು, ಸಮಾಜದ ಪಾಲೆಷ್ಟು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ.

ಈ ಹಂತದಲ್ಲಿ ಡ್ಯಾಲಿಯ ಮಾನಕ್ಕೆ ಹಿಂದಿರುಗೋಣ. 1930ರಲ್ಲಿ ಮಾಗಡಿಯ ಸೀಮೆಯ ಒಬ್ಬ ಯುವಕ ಕ್ಷಯದಿಂದ ಸತ್ತನೆಂದು ಇಟ್ಟುಕೊಳ್ಳೋಣ. 1963ರಲ್ಲಿ ಅದೇ ವಯಸ್ಸಿನ ಇನ್ನೊಬ್ಬ ಸತ್ತನೆಂದೂ ಇಟ್ಟುಕೊಳ್ಳೋಣ. ಗಣನೆಯಲ್ಲಿ ಎರಡೂ ಒಂದೇ. ಕಳೆದುಹೋದ ವರ್ಷಗಳು ಅಷ್ಟಷ್ಟೇ. ಚರಿತ್ರೆಯಲ್ಲಿ ಅವು ಒಂದೇ ಅಲ್ಲ. ಮೊದಲನೆಯವನಿಗೆ ಲೋಕದಲ್ಲಿ ಎಲ್ಲಿಯೂ ಮದ್ದಿರಲಿಲ್ಲ. ಲಂಡನ್ನಿನ ಶ್ರೀಮಂತನೂ ಅದೇ ರೋಗದಿಂದ ಸಾಯುತ್ತಿದ್ದನು. ಎರಡನೆಯವನ ಕಾಲಕ್ಕೆ ಮದ್ದು ಇದ್ದಿತು, ಅವನನ್ನು ಮುಟ್ಟಲಿಲ್ಲ. ಮೊದಲನೆಯದು ದುರದೃಷ್ಟ; ಎರಡನೆಯದು ಅಸಮಾನತೆ. ಆನಂದ್ ಹ್ಯಾನ್ಸನ್ನರ ಮೂರನೆಯ ಆಕ್ಷೇಪದ ಹುರುಳು ಇದೇ ಎಂದು ನಮ್ಮ ಎಣಿಕೆ. ಭಾರವನ್ನು ತೂಗುವ ತಕ್ಕಡಿ, ಅದನ್ನು ಇಳಿಸಬಹುದಾಗಿದ್ದಿತೆ ಎಂಬುದನ್ನು ತೂಗುವುದಿಲ್ಲ.

ಗಣಕರು ಈ ಕೊರತೆಯನ್ನು ಕಾಣದೆ ಇಲ್ಲ. ತಕ್ಕ ಚಿಕಿತ್ಸೆ ದೊರೆತಿದ್ದರೆ ತಪ್ಪಿಸಬಹುದಾಗಿದ್ದ 32 ಬಗೆಯ ಮರಣಕಾರಣಗಳನ್ನು ಆರಿಸಿ, ಅವುಗಳ ಮೂಲಕ ಆರೋಗ್ಯಸೇವೆಯ ಲಭ್ಯತೆಯನ್ನು ಅಳೆಯುವ ಸೂಚ್ಯಂಕವೊಂದನ್ನು 2017ರಲ್ಲಿ ಅವರೇ ಪ್ರಕಟಿಸಿದರು. ಇದು ಸರಿಯಾದ ದಿಕ್ಕಿನ ಹೆಜ್ಜೆ. ಆದರೂ ಆ ಸೂಚ್ಯಂಕ ಸೇವೆಯ ಕೊರತೆಯನ್ನು ಮರಣಗಳಿಂದ ಹಿಮ್ಮುಖವಾಗಿ ಊಹಿಸುತ್ತದೆ. ಬಾಗಿಲಿಗೆ ಹೋಗಿ ಬಂದವನನ್ನು ಅದು ಮಾತನಾಡಿಸುವುದಿಲ್ಲ.

7

ಮಾತನಾಡಿಸಿದಾಗಲೂ ಏನನ್ನು ಕೇಳುತ್ತೇವೆ, ಉತ್ತರವನ್ನು ಯಾವ ಹೆಸರಿನಲ್ಲಿ ಬರೆದುಕೊಳ್ಳುತ್ತೇವೆ ಎಂಬುದು ಮುಖ್ಯ. 2019-21ರಲ್ಲಿ ನಡೆದ ರಾಷ್ಟ್ರೀಯ ಕ್ಷಯರೋಗ ಸಮೀಕ್ಷೆ ಇದಕ್ಕೆ ನಿದರ್ಶನ. ಹದಿನೈದು ವರ್ಷ ಮೀರಿದವರಲ್ಲಿ ಲಕ್ಷಕ್ಕೆ 316 ಮಂದಿಗೆ ಶ್ವಾಸಕೋಶದ ಕ್ಷಯವಿದೆಯೆಂದು ಅದು ಕಂಡುಕೊಂಡಿತು. ಕ್ಷಯದ ಸಂಶಯಕ್ಕೆ ಎಡೆಗೊಡುವ ಲಕ್ಷಣಗಳಿದ್ದವರಲ್ಲಿ ಸುಮಾರು ಶೇಕಡ 64 ಮಂದಿ ವೈದ್ಯರ ಬಳಿಗೆ ಹೋಗಿರಲಿಲ್ಲ. ಏಕೆಂದು ವಿಚಾರಿಸಿದಾಗ ಶೇಕಡ 68 ಮಂದಿ ಲಕ್ಷಣಗಳನ್ನು ಉಪೇಕ್ಷಿಸಿದರೆಂದೂ, 18 ಮಂದಿ ಗುರುತಿಸಲಿಲ್ಲವೆಂದೂ, 12 ಮಂದಿ ತಾವೇ ಔಷಧ ಮಾಡಿಕೊಂಡರೆಂದೂ, 2 ಮಂದಿಗೆ ಹಣವಿರಲಿಲ್ಲವೆಂದೂ ವರದಿ ಹೇಳುತ್ತದೆ.

ಇದನ್ನು 1961ರ ತುಮಕೂರಿನ ಫಲಿತಾಂಶದೊಡನೆ ನೇರವಾಗಿ ಹೋಲಿಸಲಾಗದು. ಅಲ್ಲಿ ಮಾತನಾಡಿಸಿದುದು ರೋಗ ದೃಢಪಟ್ಟವರನ್ನು. ಇಲ್ಲಿ ಲಕ್ಷಣವುಳ್ಳ ಎಲ್ಲರನ್ನು, ಇವರಲ್ಲಿ ಹೆಚ್ಚಿನವರಿಗೆ ಕ್ಷಯವಿಲ್ಲ. ಈ ಭೇದವನ್ನು ಮರೆತು ‘ಅರುವತ್ತು ವರ್ಷಗಳಲ್ಲಿ ಜನ ಹೆಚ್ಚು ಅಲಕ್ಷ್ಯರಾದರು’ ಎಂದು ತೀರ್ಮಾನಿಸುವುದು ದುಡುಕು. ಆದರೆ ‘ಉಪೇಕ್ಷೆ’ ಎಂಬ ಪದವನ್ನು ನಿಲ್ಲಿಸಿ ಪ್ರಶ್ನಿಸಬಹುದು. ಹುಲಿಯೂರುದುರ್ಗ ಅಥವಾ ಅಮೃತೂರು ಹೋಬಳಿಯ ಒಬ್ಬ ಕೂಲಿಯ ಹೆಂಗಸನ್ನು ನೆನೆದುಕೊಳ್ಳೋಣ. ಕೆಮ್ಮು ಎರಡು ವಾರ ಮೀರಿದೆ. ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಕೂಲಿ ಹೋಯಿತು. ಮರುದಿನ ಕಫದ ಫಲಿತಾಂಶಕ್ಕಾಗಿ ಹೋಗಬೇಕಾದರೆ ಇನ್ನೊಂದು ದಿನದ್ದೂ ಹೋಯಿತು. ಔಷಧಕ್ಕೆ ಹಣವಿಲ್ಲ, ಏಕೆಂದರೆ ಅದು ಉಚಿತ. ಬಸ್ಸಿಗೂ ದಿನಕ್ಕೂ ಬೆಲೆಯುಂಟು. ‘ಈ ಕಟಾವು ಮುಗಿಯಲಿ, ನೋಡೋಣ’ ಎಂದು ಆಕೆ ಅಂದುಕೊಂಡರೆ ಅದನ್ನು ಯಾವ ಕಲಮಿಗೆ ಸೇರಿಸುವುದು? ಪ್ರಶ್ನಾವಳಿಯಲ್ಲಿ ಅದು ‘ಉಪೇಕ್ಷೆ’ಯಾಗುತ್ತದೆ. ಹಿಂದಿನ ಶಾನುಭೋಗರ ಲೆಕ್ಕದಲ್ಲಿ ‘ಜ್ವರ’ ಹೇಗೆ ತಿಳಿಯದುದರ ಹೆಸರಾಗಿತ್ತೋ ಹಾಗೆ ಇಂದಿನ ಲೆಕ್ಕದಲ್ಲಿ ‘ಉಪೇಕ್ಷೆ’ ವಿಚಾರಿಸದುದರ ಹೆಸರಾಗಿರಬಹುದು.

ಕ್ಷಯರೋಗಕ್ಕೆ ಗಣಕರು ಕೊಟ್ಟ 0.333ರ ತೂಕ ಆಕೆಗೂ, ಬೆಂಗಳೂರಿನಲ್ಲಿ ಸಂಬಳಸಹಿತ ರಜೆಯ ಮೇಲೆ ಮಲಗಿದ ಗುಮಾಸ್ತನಿಗೂ ಒಂದೇ. ದೇಹವೆಂದು ನೋಡಿದರೆ ಇದು ನ್ಯಾಯ. ಸಂಸಾರವೆಂದು ನೋಡಿದರೆ ಅಲ್ಲ. ಗುಮಾಸ್ತನ ರೋಗ ಅವನ ಮೈಯಲ್ಲಿ ನಿಲ್ಲುತ್ತದೆ. ಆಕೆಯ ರೋಗ ಮಗಳ ಶಾಲೆಯನ್ನೂ ಕೈಸಾಲದ ಬಡ್ಡಿಯನ್ನೂ ಮುಟ್ಟುತ್ತದೆ.

8

ಇಷ್ಟನ್ನು ಹೇಳಿದುದರಿಂದ ಗಣನೆಯೇ ನಿರರ್ಥಕವೆಂದು ಯಾರೂ ಭಾವಿಸಬಾರದು. ಅಂಕಿಗಳನ್ನು ಹಳಿಯುವುದು ಸುಲಭ. ಆದರೆ ಅಂಕಿಯಿಲ್ಲದ ಕಡೆ ಬಲ್ಲಿದನ ಮಾತೇ ಪ್ರಮಾಣವಾಗುತ್ತದೆ. ಹಾವುಕಡಿತದ ಮರಣಗಳನ್ನು ಯಾರೋ ಎಣಿಸಿದುದರಿಂದಲೇ ಅದು ಸರ್ಕಾರದ ಕಣ್ಣಿಗೆ ಬಿದ್ದಿತು. 2023ರಲ್ಲಿ ಲೋಕದ ಕ್ಷಯರೋಗಿಗಳಲ್ಲಿ ಶೇಕಡ 26 ಮಂದಿ ಭಾರತದವರೆಂಬುದು ಎಣಿಕೆಯಿಂದಲ್ಲದೆ ತಿಳಿಯುತ್ತಿರಲಿಲ್ಲ. ನಮ್ಮ ಆಕ್ಷೇಪ ಎಣಿಕೆಯ ಮೇಲಲ್ಲ, ಎಣಿಕೆಯಲ್ಲಿಯೇ ಅಧ್ಯಯನ ಮುಗಿಯಿತೆಂಬ ಭ್ರಮೆಯ ಮೇಲೆ. ತುಮಕೂರಿನ ಎರಡು ಲೇಖನಗಳು ಜೊತೆಜೊತೆಯಾಗಿ ಬಂದುವು; ಅದೇ ಅವುಗಳ ಹಿರಿಮೆ. ಒಂದು ಇಲ್ಲದೆ ಇನ್ನೊಂದು ಅರ್ಧವಾಗುತ್ತಿತ್ತು. ಮುಂದಿನ ದಶಕಗಳಲ್ಲಿ ಎಣಿಸುವ ವಿದ್ಯೆ ಬೆಳೆದು ಹೆಮ್ಮರವಾಯಿತು. ವಿಚಾರಿಸುವ ವಿದ್ಯೆ ಅದಕ್ಕೆ ಸರಿಯಾಗಿ ಬೆಳೆಯಲಿಲ್ಲ. ಸೋಂಕು, ಸಾವು, ನಷ್ಟವರ್ಷಗಳಿಗೆ ಕೋಷ್ಟಕಗಳು ತುಂಬಿವೆ. ಬಾಗಿಲಿಗೆ ಬಂದವನು ಬರಿಗೈಯಲ್ಲಿ ಏಕೆ ಹಿಂದಿರುಗಿದನೆಂಬುದಕ್ಕೆ ಕೋಷ್ಟಕವಿಲ್ಲ.

ಇಲ್ಲಿ ಕಾಲೇಜುಗಳ ಚರಿತ್ರೆ ಹಾಗೂ ಸಮಾಜಶಾಸ್ತ್ರ ವಿಭಾಗಗಳಿಗೆ ಕೆಲಸವುಂಟು. ಇದಕ್ಕೆ ಸಿಯಾಟಲಿನ ಗಣಕಯಂತ್ರಗಳು ಬೇಕಾಗಿಲ್ಲ. ಹಳೆಯ ಜನನ ಮರಣ ದಫ್ತರುಗಳು ಗೆದ್ದಲಿಗೆ ತುತ್ತಾಗುವ ಮೊದಲು ಅವುಗಳನ್ನು ನಕಲು ಮಾಡಿಕೊಳ್ಳಬಹುದು. 1960ರ ದಶಕದ ಸಮೀಕ್ಷೆಗಳನ್ನು ಬಾಲ್ಯದಲ್ಲಿ ಕಂಡ ಹಿರಿಯರು ಇನ್ನೂ ಕೆಲವರಿರಬಹುದು. ಕ್ಷ-ಕಿರಣದ ವಾಹನ ಬಂದಾಗ ಊರಿನವರು ಏನೆಂದುಕೊಂಡರು, ಹೋದ ಮೇಲೆ ಏನಾಯಿತು ಎಂಬುದನ್ನು ಅವರ ಬಾಯಿಂದ ಕೇಳಿ ಬರೆದಿಡಬಹುದು. ಒಂದೊಂದು ಹೋಬಳಿಯನ್ನು ಆರಿಸಿಕೊಂಡು, ಕಳೆದ ವರ್ಷ ಕಾಯಿಲೆ ಬಿದ್ದವರು ಮೊದಲು ಎಲ್ಲಿಗೆ ಹೋದರು, ಎಷ್ಟು ದಿನದ ಕೂಲಿ ಕಳೆದರು, ಏನು ಹೇಳಿಸಿಕೊಂಡು ಹಿಂದಿರುಗಿದರು ಎಂಬ ಮೂರು ಪ್ರಶ್ನೆಗಳನ್ನು ಕೇಳಬಹುದು. ರೋಗಿಯ ಹೆಸರನ್ನು ಗುಟ್ಟಾಗಿಟ್ಟು, ಉತ್ತರವನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ನಮ್ಮ ಕಲಮುಗಳಿಗೆ ಅದನ್ನು ಕತ್ತರಿಸಿ ಹೊಂದಿಸುವ ಆತುರ ಕೂಡದು.

ಅರುವತ್ತು ವರ್ಷಗಳ ಹಿಂದೆ ತುಮಕೂರಿನ ಹಳ್ಳಿಗರು ಕೊಟ್ಟ ಉತ್ತರಗಳಿಂದ ಒಂದು ರಾಷ್ಟ್ರ ಪಾಠ ಕಲಿಯಿತು. ಆ ಉತ್ತರಗಳು ಅವರಲ್ಲಿ ಮೊದಲಿನಿಂದಲೂ ಇದ್ದುವು. ಕೇಳುವವರು ಬಂದುದು ಮಾತ್ರ ಹೊಸತು.